ಹುಲಿವೇಷದ ತಾಸೆಯ ಪೆಟ್ಟು ಯಾರದ್ದು? ನಮ್ಮ ಆಟದ ಟ್ರೈಲರಿಗೆ ಬಂದ ಕ್ಲೇಮ್

ಉರ್ವದ ಹುಡುಗ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಾವು ಮೂವರು ಸೇರಿ ಮಂಗಳೂರಿನಲ್ಲಿ ಒಂದು ಮೊಬೈಲ್ ಆಟ ಮಾಡುತ್ತಿದ್ದೇವೆ. ಹಗಲು ಬೇರೆ ಬೇರೆ ಕೆಲಸ, ರಾತ್ರಿ ಇದು. ಎರಡು ವರ್ಷ ಆಯಿತು. ದಸರಾ ದಿನ ಒಬ್ಬ ಹುಲಿವೇಷದವನು ಮಂಗಳಾದೇವಿಯಿಂದ ಕುದ್ರೋಳಿಯವರೆಗೆ ಕುಣಿಯುತ್ತಾ ಹೋಗಬೇಕು. ತಾಸೆ ಅಂದರೆ ಹುಲಿ ಕುಣಿತಕ್ಕೆ ಬಾರಿಸುವ ಚರ್ಮವಾದ್ಯ. ಅದರ ಪೆಟ್ಟಿನ ಲಯಕ್ಕೆ ಸರಿಯಾಗಿ ಹೆಜ್ಜೆ ಬಿದ್ದರೆ ಮುಂದೆ ಹೋಗುತ್ತಾನೆ. ತಪ್ಪಿದರೆ ಅಲ್ಲೇ ನಿಲ್ಲುತ್ತಾನೆ. ಅಷ್ಟೇ ಆಟ. ಚಿತ್ರ ಚೆನ್ನಾಗಿಲ್ಲದಿದ್ದರೂ ನಡೆಯುತ್ತದೆ, ತಾಸೆ ಚೆನ್ನಾಗಿಲ್ಲದಿದ್ದರೆ ಆಟವೇ ಇಲ್ಲ.

ಕಳೆದ ನವರಾತ್ರಿಗೆ ಮೊದಲು ಉಡುಪಿ ಕಡೆಯ ಒಂದು ಸೆಟ್‌ನವರನ್ನು, ಅಂದರೆ ಬಾರಿಸುವ ತಂಡದವರನ್ನು, ಕರೆಸಿದೆವು. ಇಬ್ಬರು ತಾಸೆ, ಒಬ್ಬರು ಡೋಲು. ಗೆಳೆಯನ ಮನೆಯ ಅಂಗಳ, ಎರಡು ಮೈಕ್, ನಾಲ್ಕು ಗಂಟೆ ರೆಕಾರ್ಡಿಂಗ್. ಅವರು ಕೇಳಿದ್ದು 8,000 ರೂಪಾಯಿ. ನಾವು ಖುಷಿಯಿಂದ 9,000 ಕೊಟ್ಟೆವು.

ಹೋದ ವಾರ ಆಟದ ಎರಡು ನಿಮಿಷದ ಟ್ರೈಲರನ್ನು ಒಂದು ವಿಡಿಯೊ ತಾಣಕ್ಕೆ ಹಾಕಿದೆವು. ಮೂರನೇ ದಿನ ಮೇಲ್ ಬಂತು. ಅದರಲ್ಲಿರುವ 46 ಸೆಕೆಂಡಿನ ಧ್ವನಿ ಒಂದು ಆಡಿಯೊ ಕಂಪನಿಯದ್ದಂತೆ. ವಿಡಿಯೊ ಹಾಗೇ ಇರಬಹುದು, ಆದರೆ ಜಾಹೀರಾತಿನಿಂದ ಬರುವ ದುಡ್ಡು ಅವರಿಗೆ. ತಾಣದ ಹೆಸರು, ಕಂಪನಿಯ ಹೆಸರು ಇಲ್ಲಿ ಬೇಡ.

ಜಾಹೀರಾತಿನ ದುಡ್ಡು ಎಷ್ಟು ಮಹಾ? ನೂರು, ಇನ್ನೂರು ಇರಬಹುದು. ನನಗೆ ಹೊಟ್ಟೆ ಉರಿದದ್ದು ಬೇರೆ ವಿಷಯಕ್ಕೆ. ಹುಲಿವೇಷದ ಪೆಟ್ಟು ಒಂದು ಕಂಪನಿಯ ಆಸ್ತಿ ಆಗುವುದು ಹೇಗೆ? ನನ್ನ ಅಜ್ಜ ವೇಷ ಹಾಕುವಾಗಲೂ ಇದೇ ಪೆಟ್ಟು ಇತ್ತು. ನಾಳೆ ಉಡುಪಿಯ ವಿಟ್ಲಪಿಂಡಿ ಉತ್ಸವದ ದಿನ ರಥಬೀದಿಯಲ್ಲಿ ಮೊಬೈಲಲ್ಲಿ ವಿಡಿಯೊ ಮಾಡಿದವರಿಗೂ ಕ್ಲೇಮ್ ಬರುತ್ತದಾ? ನಿಮ್ಮ ಅಭಿಪ್ರಾಯ ಹೇಳಿ.

ಮಣಿಪಾಲ ಸ್ಟ್ರೀಮರ್

ಓದಿ ಬೇಸರ ಆಯಿತು ಅಣ್ಣ. ನಾನು ಹಾಸ್ಟೆಲ್ ರೂಮಿನಿಂದ ಆಟ ಆಡುತ್ತಾ ಲೈವ್ ಮಾಡುವವನು. ನಮಗೆ ಇದು ದಿನಾ ಇರುವ ತಲೆನೋವು. ಆಟ ನಾನೇ ದುಡ್ಡು ಕೊಟ್ಟು ತಗೊಂಡದ್ದು. ಆಟದೊಳಗೆ ಕಾರಿನ ರೇಡಿಯೊದಲ್ಲಿ ಹಾಡು ಬರುತ್ತದೆ. ಅದು ಲೈವ್‌ನಲ್ಲಿ ಕೇಳಿಸಿತೋ, ಕ್ಲೇಮ್ ಬಂತು. 2020ರಲ್ಲಿ ಟ್ವಿಚ್ ಎಂಬ ಲೈವ್ ತಾಣದಲ್ಲಿ ರಾಶಿ ರಾಶಿ ನೋಟಿಸ್ ಬಂದು ಎಷ್ಟೋ ಜನ ತಮ್ಮ ಹಳೆಯ ವಿಡಿಯೊಗಳನ್ನೆಲ್ಲ ಅಳಿಸಬೇಕಾಯಿತು. ಅದೇ ವರ್ಷ ಬಂದ ಸೈಬರ್‌ಪಂಕ್ 2077 ಆಟದಲ್ಲಿ ಹಕ್ಕುಸ್ವಾಮ್ಯ ಇರುವ ಹಾಡುಗಳನ್ನು ಮಾತ್ರ ನಿಲ್ಲಿಸುವ ಆಯ್ಕೆಯನ್ನೇ ಕೊಟ್ಟರು. ಆಟ ಮಾಡುವವರಿಗೇ ಹೆದರಿಕೆ ಇದೆ ಅಂತಾಯಿತಲ್ಲ.

ಇದೆಲ್ಲ ಮನುಷ್ಯರು ಕೇಳಿ ಮಾಡುವ ಕ್ಲೇಮ್ ಅಲ್ಲ. ಯೂಟ್ಯೂಬ್‌ನ ಕಂಟೆಂಟ್ ಐಡಿಯನ್ನು ಉದಾಹರಣೆಗೆ ತಗೊಳ್ಳಿ. ಕಂಪನಿ ತನ್ನ ಹಾಡಿನ ಒಂದು ಪ್ರತಿ ಕೊಟ್ಟಿರುತ್ತದೆ. ಯಂತ್ರ ಎಲ್ಲರ ವಿಡಿಯೊ ಜೊತೆ ಅದನ್ನು ಹೋಲಿಸುತ್ತಾ ಇರುತ್ತದೆ. 2021ರ ಮೊದಲ ಆರು ತಿಂಗಳಲ್ಲಿ 72 ಕೋಟಿಗೂ ಜಾಸ್ತಿ ಕ್ಲೇಮ್ ಬಿದ್ದಿತ್ತು ಅಂತ ಅವರದ್ದೇ ವರದಿ ಹೇಳಿತ್ತು. ಅದರಲ್ಲಿ ಜನ ಪ್ರಶ್ನೆ ಮಾಡಿದ್ದು ಸುಮಾರು 22 ಲಕ್ಷ ಮಾತ್ರ. ಹಾಗೆ ಪ್ರಶ್ನೆ ಮಾಡಿದವುಗಳಲ್ಲಿ ಶೇ. 60ರಷ್ಟು ವಿಡಿಯೊ ಹಾಕಿದವರ ಪರವಾಗಿ ಮುಗಿದವು.

ಇನ್ನೊಂದು ಕೇಳಿ. ಅಮೆರಿಕದಲ್ಲಿ ಇಬ್ಬರು ಸೇರಿ 50,000ಕ್ಕೂ ಹೆಚ್ಚು ಹಾಡು ನಮ್ಮದು ಅಂತ ಸುಳ್ಳು ಹೇಳಿ ಇದೇ ವ್ಯವಸ್ಥೆಯಿಂದ 2 ಕೋಟಿ 30 ಲಕ್ಷ ಡಾಲರ್ ತೆಗೆದುಕೊಂಡರು. ಹೆಚ್ಚಿನವು ಸ್ಪ್ಯಾನಿಷ್ ಭಾಷೆಯ ಹಾಡುಗಳು. ವರ್ಷಗಟ್ಟಲೆ ನಡೆಯಿತು. ಕಡೆಗೆ ಸಿಕ್ಕಿಬಿದ್ದು ತಪ್ಪೊಪ್ಪಿಕೊಂಡರು. ಅಲ್ಲಿಯವರೆಗೆ ನಿಜವಾದ ಹಾಡುಗಾರರ ದುಡ್ಡು ಇವರ ಖಾತೆಗೆ ಹೋಗುತ್ತಾ ಇತ್ತು.

ಹಾಗಾಗಿ ಸುಮ್ನೆ ಕೂರಬೇಡಿ. ಇವತ್ತೇ ಡಿಸ್ಪ್ಯೂಟ್ ಹಾಕಿ, ಅಂದರೆ ಕ್ಲೇಮ್ ತಪ್ಪು ಅಂತ ತಾಣಕ್ಕೆ ಬರೆಯಿರಿ.

ಹಳೇ ಕ್ಯಾಸೆಟ್, ಉಡುಪಿ

ತಮ್ಮಾ, ಕಂಪನಿಯವರ ಪರ ಮಾತಾಡುವವರು ಇಲ್ಲಿ ಯಾರೂ ಇರುವುದಿಲ್ಲ ಅಂತ ಗೊತ್ತು. ಆದರೂ ಹೇಳುತ್ತೇನೆ, ಯಾಕೆಂದರೆ ನಾನು ಆ ವ್ಯಾಪಾರದಲ್ಲಿ ಇದ್ದವನು. ಕ್ಯಾಸೆಟ್ ಕಾಲದಲ್ಲಿ ಯಕ್ಷಗಾನ, ತುಳು ನಾಟಕ, ಭಜನೆ ಮಾರಿದ್ದೇನೆ. ಒಂದೆರಡನ್ನು ನಾವೇ ರೆಕಾರ್ಡ್ ಮಾಡಿಸಿ ತಂದೆವು ಕೂಡ.

ಒಂದು ತಾಳಮದ್ದಳೆಯ ಕ್ಯಾಸೆಟ್ ತರಲು ಎಷ್ಟು ಖರ್ಚು ಅಂತ ನಿಮಗೆ ಅಂದಾಜು ಇರಲಿಕ್ಕಿಲ್ಲ. ಭಾಗವತರು, ಮದ್ದಳೆ, ಚೆಂಡೆ, ನಾಲ್ಕು ಜನ ಅರ್ಥಧಾರಿಗಳು. ಎಲ್ಲರಿಗೂ ಮೊದಲೇ ಸಂಭಾವನೆ. ಸ್ಟುಡಿಯೊಗೆ ಬೇರೆ. ಕವರ್ ಅಚ್ಚು ಬೇರೆ. ಮಾಲು ಅಂಗಡಿಗೆ ಬಂದು ಹದಿನೈದು ದಿನ ಆಗುವುದರೊಳಗೆ ಬಸ್ ಸ್ಟ್ಯಾಂಡಿನಲ್ಲಿ ಅರ್ಧ ಬೆಲೆಗೆ ನಕಲಿ. ಭಾಗವತರಿಗೆ ನಷ್ಟ ಆಗಲಿಲ್ಲ, ಅವರ ದುಡ್ಡು ಅವರ ಕೈಗೆ ಹೋಗಿತ್ತು. ನಷ್ಟ ಹೊತ್ತದ್ದು ನಾವು.

ಪೆಟ್ಟು ಊರಿನದ್ದು, ಒಪ್ಪಿದೆ. ಆದರೆ ಅದನ್ನು ಹಿಡಿದಿಟ್ಟವನಿಗೆ ಏನೂ ಇಲ್ಲವಾ? ಪರಂಪರೆಯದ್ದು ಅಂದ ಕೂಡಲೇ ಎಲ್ಲವೂ ಎಲ್ಲರದ್ದು ಆಗುವುದಿಲ್ಲ. ನಮ್ಮ ಉಡುಪಿಯ ಕೋರ್ಟಿನಲ್ಲೇ ಕಾರಂತರ ಯಕ್ಷಗಾನದ ಮೇಲೆ ಕೇಸ್ ನಡೆದು ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಗೊತ್ತಿದ್ದವರು ಹೇಳಿ.

ಕೊಡಿಯಾಲ್‌ಬೈಲ್ ಕಾನೂನು

ನಾನು ಕಾನೂನು ವಿದ್ಯಾರ್ಥಿನಿ. ಆ ಕೇಸ್ ನಮಗೆ ಪಾಠದಲ್ಲೇ ಉಂಟು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಶಿವರಾಮ ಕಾರಂತರು ಯಕ್ಷಗಾನದ ಹಾಡು, ಕುಣಿತ, ವೇಷ ಎಲ್ಲವನ್ನೂ ಬದಲಿಸಿ ಒಂದು ಹೊಸ ಬ್ಯಾಲೆ ರೂಪ ಮಾಡಿದ್ದರು. ಹಕ್ಕುಗಳನ್ನು ಉಯಿಲಿನಲ್ಲಿ ಒಬ್ಬರಿಗೆ ಬರೆದುಕೊಟ್ಟಿದ್ದರು. ಕಾರಂತರು ತೀರಿಕೊಂಡ ಮೇಲೆ, 2001ರಲ್ಲಿ, ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್‌ನವರು ದೆಹಲಿಯಲ್ಲಿ 'ಅಭಿಮನ್ಯು ವಧೆ' ಆಡಿಸಿದರು. ಹಕ್ಕು ಪಡೆದವರು ಕೇಸ್ ಹಾಕಿದರು. ಜಿಲ್ಲಾ ಕೋರ್ಟಿನಲ್ಲಿಯೂ ಹೈಕೋರ್ಟಿನಲ್ಲಿಯೂ ಅವರೇ ಗೆದ್ದರು. 2009ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹಕ್ಕು ಅವರದ್ದೇ ಅಂತ ಒಪ್ಪಿತು. ಜೊತೆಗೆ, ಶಿಕ್ಷಣ ಸಂಸ್ಥೆಯೊಳಗೆ ಕಾನೂನು ಬಿಟ್ಟುಕೊಟ್ಟಿರುವಷ್ಟು ಬಳಸಬಹುದು ಅಂತ ಸ್ಪಷ್ಟ ಮಾಡಿತು.

ಆದರೆ ಇಲ್ಲಿ ಗಮನಿಸಬೇಕಾದ್ದು, ಹಕ್ಕು ಸಿಕ್ಕಿದ್ದು ಕಾರಂತರು ಹೊಸದಾಗಿ ಸೇರಿಸಿದ್ದಕ್ಕೆ. ಯಕ್ಷಗಾನ ಕಾರಂತರದ್ದು ಅಂತ ಯಾರೂ ಹೇಳಲಿಲ್ಲ. ಹಾಗೇ ಹುಲಿವೇಷದ ಪೆಟ್ಟಿನ ಮೇಲೆ ಹಕ್ಕುಸ್ವಾಮ್ಯ ಇಲ್ಲ. ಅದರ ಒಂದು ರೆಕಾರ್ಡಿಂಗಿಗೆ ಉಂಟು, ಪ್ರಕಟವಾದ ಮೇಲೆ 60 ವರ್ಷ. ಆ ಹಕ್ಕು ರೆಕಾರ್ಡ್ ಮಾಡಿಸಿದ ನಿರ್ಮಾಪಕರದ್ದು. ಅದೇ ಪೆಟ್ಟನ್ನು ನೀವು ಬೇರೆಯಾಗಿ ಬಾರಿಸಿ, ಬೇರೆಯಾಗಿ ರೆಕಾರ್ಡ್ ಮಾಡಿದರೆ ನಿಮ್ಮದು ಬೇರೆ ರೆಕಾರ್ಡಿಂಗ್. ಕಂಪನಿ ಅದನ್ನು ಮುಟ್ಟುವ ಹಾಗಿಲ್ಲ.

ಹಾಗಾಗಿ ಉರ್ವದವರೆ, ಡಿಸ್ಪ್ಯೂಟ್ ಹಾಕುವ ಮೊದಲು ಒಂದು ಖಾತ್ರಿ ಮಾಡಿಕೊಳ್ಳಿ. ಆ 46 ಸೆಕೆಂಡ್ ನಿಮ್ಮ ಅಂಗಳದ ರೆಕಾರ್ಡಿಂಗೇ ಹೌದಾ?

ಉರ್ವದ ಹುಡುಗ

ನೂರಕ್ಕೆ ನೂರು ನಮ್ಮದೇ. ಆದರೂ ಇವತ್ತು ರಾತ್ರಿ ಪ್ರಾಜೆಕ್ಟ್ ಫೈಲ್ ತೆಗೆದು ನೋಡುತ್ತೇನೆ.

ಬಜಪೆ ಬಟನ್

ನಾನು ಬರೀ ಆಡುವವನು. ನನ್ನ ಕಡೆಯಿಂದ ಒಂದು ಮಾತು. ಹಾಡಿನ ಕಂಪನಿ, ಆಟದ ಕಂಪನಿ, ತಾಣ, ಎಲ್ಲರೂ ಹಕ್ಕಿನ ಮಾತಾಡುತ್ತಾರೆ. ದುಡ್ಡು ಕೊಟ್ಟವನ ಹಕ್ಕು ಎಲ್ಲಿ ಹೋಯಿತು?

ಜಿಟಿಎ 4 ಆಟ 2008ರಲ್ಲಿ ಬಂತು. ಹಾಡುಗಳ ಲೈಸೆನ್ಸ್ ಹತ್ತು ವರ್ಷಕ್ಕೆ ಮುಗಿಯಿತು ಅಂತ 2018ರಲ್ಲಿ ಅದರ ರೇಡಿಯೊದಿಂದ ಎಷ್ಟೋ ಹಾಡು ತೆಗೆದರು. ಮೊದಲೇ ಕೊಂಡವರ ಆಟದಿಂದಲೂ ತೆಗೆದರು. ಅಪ್‌ಡೇಟ್ ಬಂತು, ಹಾಡು ಹೋಯಿತು. ಯೂಬಿಸಾಫ್ಟ್‌ನ 'ದಿ ಕ್ರೂ' ಅಂತೂ 2024ರಲ್ಲಿ ಪೂರ್ತಿ ಬಂದ್. ಸರ್ವರ್ ನಿಲ್ಲಿಸಿದರು, ಡಿಸ್ಕ್ ಕೈಯಲ್ಲಿದ್ದವನೂ ಆಡುವ ಹಾಗಿಲ್ಲ. ಅದರ ಮೇಲೆ ದೊಡ್ಡ ಗಲಾಟೆ ಎದ್ದು ಯುರೋಪಿನಲ್ಲಿ ಸಹಿ ಸಂಗ್ರಹವೇ ನಡೆಯಿತು. ಅದೇ ವರ್ಷ ಕ್ಯಾಲಿಫೋರ್ನಿಯಾದಲ್ಲಿ ಕಾನೂನು ಮಾಡಿದರು. ಲೈಸೆನ್ಸ್ ಮಾತ್ರ ಕೊಡುವುದಾದರೆ ಅದನ್ನು ಗ್ರಾಹಕನಿಗೆ ಸ್ಪಷ್ಟವಾಗಿ ಹೇಳಬೇಕು, ಸುಮ್ನೆ 'ಕೊಳ್ಳಿ' ಅಂತ ಬರೆಯುವ ಹಾಗಿಲ್ಲ ಅಂತ.

ಮತ್ತೆ ಆ ಅದೃಷ್ಟದ ಪೆಟ್ಟಿಗೆಗಳು. ದುಡ್ಡು ಕೊಟ್ಟು ಪೆಟ್ಟಿಗೆ ತೆರೆಯುವುದು, ಒಳಗೆ ಏನು ಸಿಗುತ್ತದೆ ಅಂತ ಗೊತ್ತಿಲ್ಲ. ಬೆಲ್ಜಿಯಂನವರು 2018ರಲ್ಲೇ ಅದನ್ನು ಜೂಜು ಅಂದರು. ನನ್ನ ಚಿಕ್ಕಮ್ಮನ ಮಗ ಎಂಟನೇ ಕ್ಲಾಸ್. ಒಂದು ಆಟದಲ್ಲಿ ಬಂದೂಕಿನ ಬಣ್ಣಕ್ಕೆ ಅಂತ ಅವನು ಅಮ್ಮನ ಖಾತೆಯಿಂದ 6,000 ರೂಪಾಯಿ ಖಾಲಿ ಮಾಡಿದ. ಚಿಕ್ಕಮ್ಮ ಬೀಡಿ ಕಟ್ಟಿ ಉಳಿಸಿದ ದುಡ್ಡು ಅದು.

ಉರ್ವ ಅಣ್ಣ, ನಿಮ್ಮ ಆಟದಲ್ಲಿಯೂ ಹುಲಿಯ ಬಣ್ಣಕ್ಕೆ ಪೆಟ್ಟಿಗೆ ಇಡುತ್ತೀರಾ? ಇಡುವುದಾದರೆ ಈಗಲೇ ಹೇಳಿ.

ಉರ್ವದ ಹುಡುಗ

ಇಲ್ಲ. ಪೆಟ್ಟಿಗೆ ಇಲ್ಲ, ಮಧ್ಯೆ ಜಾಹೀರಾತೂ ಇಲ್ಲ. ಒಂದೇ ಸಲ 99 ರೂಪಾಯಿ. ನೆಟ್ ಇಲ್ಲದೆಯೂ ಆಡಬಹುದು. ಇದರ ಬಗ್ಗೆ ನಮ್ಮೊಳಗೆ ಜಗಳ ಆಗಿತ್ತು, ಪೆಟ್ಟಿಗೆ ಇಟ್ಟರೆ ದುಡ್ಡು ಜಾಸ್ತಿ ಅಂತ ಒಬ್ಬ ಹೇಳುತ್ತಿದ್ದ. ಬೇಡ ಅಂತಲೇ ತೀರ್ಮಾನ ಆಯಿತು.

ಮಲ್ಪೆ ತಾಸೆಮನೆ

ನಾನು ಇಲ್ಲಿ ಸಾಮಾನ್ಯವಾಗಿ ಬರೆಯುವುದಿಲ್ಲ. ನನ್ನ ಮಾವ ತಾಸೆ ಬಾರಿಸುವವರು. ಅಮ್ಮನ ಅಣ್ಣ. ಮೂವತ್ತು ವರ್ಷದಿಂದ ಬಾರಿಸುತ್ತಿದ್ದಾರೆ.

ಎಲ್ಲರ ಮಾತೂ ಓದಿದೆ. ಕಂಪನಿಯ ಹಕ್ಕು ಬಂತು, ಆಟ ಮಾಡಿದವರ ಹಕ್ಕು ಬಂತು, ಸ್ಟ್ರೀಮ್ ಮಾಡುವವರದ್ದು ಬಂತು, ಕೊಂಡವರದ್ದು ಬಂತು. ಬಾರಿಸಿದವರ ಮಾತು ಒಬ್ಬರೂ ಎತ್ತಲಿಲ್ಲ. ಉರ್ವದವರು 9,000 ಕೊಟ್ಟೆವು ಅಂತ ಒಂದು ಸಾಲು ಬರೆದಿದ್ದಾರೆ, ಅಷ್ಟೇ.

ಅಷ್ಟಮಿಗೆ ಮತ್ತು ನವರಾತ್ರಿಗೆ ಮಾವನ ಕೈ ನೋಡಬೇಕು ನೀವು. ವೇಷ ಹಾಕುವ ಮೊದಲು ಮಾಡುವ ಊದು ಪೂಜೆಯ ರಾತ್ರಿ ಶುರು. ಮರುದಿನ ಬೆಳಿಗ್ಗೆಯಿಂದ ಕತ್ತಲೆಯವರೆಗೆ ಮನೆ ಮನೆಗೆ, ಅಂಗಡಿ ಅಂಗಡಿಗೆ. ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಾರಿಸುತ್ತಾರೆ. ಮಳೆ ಬಂದರೆ ಚರ್ಮ ಸಡಿಲ ಆಗುತ್ತದೆ, ಬೆಂಕಿಗೆ ಹಿಡಿದು ಬಿಗಿ ಮಾಡಬೇಕು. ವರ್ಷದಲ್ಲಿ ಇಂಥ ದಿನಗಳು ಎಷ್ಟು? ಉಳಿದ ದಿನ ಬಂದರಿನಲ್ಲಿ ಮೀನು ಇಳಿಸುವ ಕೆಲಸ.

ಕೆಲವು ವರ್ಷದ ಹಿಂದೆ ಒಂದು ಕಂಪನಿಯವರು ಕರೆದು ರೆಕಾರ್ಡ್ ಮಾಡಿಸಿದರು. ಒಬ್ಬೊಬ್ಬರಿಗೆ 1,500 ರೂಪಾಯಿ ಮತ್ತು ಊಟ. ಕಾಗದ ಏನೂ ಇಲ್ಲ. ಆ ರೆಕಾರ್ಡಿಂಗ್ ಈಗ ಎಲ್ಲ ಕಡೆ ಉಂಟು. ಮದುವೆಯ ವಿಡಿಯೊದಲ್ಲಿ ಉಂಟು, ರೀಲ್ಸ್‌ನಲ್ಲಿ ಉಂಟು. ಕೇಳಿದ ಕೂಡಲೇ ನಮಗೆ ಗೊತ್ತಾಗುತ್ತದೆ, ಅದು ಮಾವನ ಕೈ ಅಂತ. ಅವರ ಹೆಸರು ಎಲ್ಲಿಯೂ ಇಲ್ಲ.

ಹಳೇ ಕ್ಯಾಸೆಟ್, ಉಡುಪಿ

ತಂಗಿ, ನಿಮ್ಮ ಮಾತು ಮನಸ್ಸಿಗೆ ತಾಗಿತು. ಹೆಸರು ಹಾಕದ್ದು ತಪ್ಪೇ. ಅದಕ್ಕೆ ಯಾವ ಸಮಜಾಯಿಷಿಯೂ ಇಲ್ಲ. ನಾವು ಕವರಿನ ಮೇಲೆ ಚೆಂಡೆಯವರ ಹೆಸರನ್ನೂ ಹಾಕುತ್ತಿದ್ದೆವು.

ಆದರೆ ದುಡ್ಡಿನ ವಿಷಯ ಹೇಳುತ್ತೇನೆ. ಒಂದೇ ಸಲ ಕೊಟ್ಟು ಮುಗಿಸುವ ಪದ್ಧತಿ ಮೋಸ ಮಾಡಲಿಕ್ಕೆ ಅಂತ ಬಂದದ್ದಲ್ಲ. ಎಷ್ಟು ಮಾರಾಟ ಆಯಿತು ಅಂತ ನಮಗೇ ಸರಿಯಾಗಿ ಗೊತ್ತಾಗುತ್ತಿರಲಿಲ್ಲ. ಅಂಗಡಿಯವನು ಲೆಕ್ಕ ಕೊಡುವುದಿಲ್ಲ, ಅರ್ಧ ಮಾಲು ವಾಪಸ್ ಬರುತ್ತದೆ, ಮಧ್ಯದಲ್ಲಿ ನಕಲಿ. ಕಲಾವಿದರೂ ಹೇಳುತ್ತಿದ್ದರು, 'ನಾಳೆ ಬರುವ ನೂರಕ್ಕಿಂತ ಇವತ್ತಿನ ಐವತ್ತು ಕೊಡಿ ಮಾರಾಯ್ರೆ' ಅಂತ. ಶೇಕಡಾ ಬರೆಯುವುದು ಸುಲಭ. ವರ್ಷ ವರ್ಷ ಲೆಕ್ಕ ತೋರಿಸುವುದು ಯಾರು?

ಮಲ್ಪೆ ತಾಸೆಮನೆ

ಸರ್, ಆಗ ಎಣಿಸಲು ಆಗುತ್ತಿರಲಿಲ್ಲ ಅನ್ನುವುದನ್ನು ಒಪ್ಪುತ್ತೇನೆ. ಈಗ ಆಗುತ್ತದಲ್ಲ? 46 ಸೆಕೆಂಡ್ ಧ್ವನಿ ಯಾವ ವಿಡಿಯೊದಲ್ಲಿ ಉಂಟು ಅಂತ ಮೂರು ದಿನದೊಳಗೆ ಹುಡುಕಲು ಅವರಿಗೆ ಆಗುತ್ತದೆ. ಅದು ಯಾರ ಕೈಯ ಪೆಟ್ಟು ಅಂತ ನೆನಪಿಟ್ಟುಕೊಳ್ಳಲು ಆಗುವುದಿಲ್ಲವಾ? ಯಂತ್ರ ಪೈಸೆ ಪೈಸೆ ಲೆಕ್ಕ ಹಾಕಿ ಕಂಪನಿಗೆ ಕೊಡುತ್ತದೆ. ಆ ಲೆಕ್ಕದಲ್ಲಿ ಇನ್ನೊಂದು ಸಾಲು ಸೇರಿಸಿದರೆ ಏನು ಕಷ್ಟ?

ಮಾವ 1,500ಕ್ಕೆ ಒಪ್ಪಿದ್ದು ಹೌದು. ಮನೆಯಲ್ಲಿ ಆವತ್ತು ದುಡ್ಡು ಬೇಕಿತ್ತು.

ಮಣಿಪಾಲ ಸ್ಟ್ರೀಮರ್

ಅಕ್ಕ ಹೇಳಿದ್ದು ಸರಿ. ನಾನು ಈ ದಿಕ್ಕಿನಿಂದ ಯೋಚನೆ ಮಾಡಿಯೇ ಇರಲಿಲ್ಲ.

ಆದರೆ ಎಣಿಕೆ ಇದ್ದ ಮಾತ್ರಕ್ಕೆ ದುಡ್ಡು ಬರುತ್ತದೆ ಅಂತಲೂ ಇಲ್ಲ. ಸ್ಪಾಟಿಫೈ 2024ರಿಂದ ಒಂದು ನಿಯಮ ತಂದಿದೆ. ಹಿಂದಿನ 12 ತಿಂಗಳಲ್ಲಿ ಒಂದು ಹಾಡು ಕನಿಷ್ಠ 1,000 ಸಲ ಕೇಳಲ್ಪಡಬೇಕು. ಇಲ್ಲದಿದ್ದರೆ ಆ ಹಾಡಿಗೆ ರಾಯಲ್ಟಿ ಲೆಕ್ಕಕ್ಕೇ ಬರುವುದಿಲ್ಲ. ಆ ದುಡ್ಡು ಜಾಸ್ತಿ ಕೇಳಿಸಿಕೊಂಡ ಹಾಡುಗಳ ಪಾಲಿಗೆ ಸೇರುತ್ತದೆ. ಹಿಂದಿ, ಇಂಗ್ಲಿಷ್ ಹಾಡಿಗೆ ಸಾವಿರ ದೊಡ್ಡದಲ್ಲ. ಒಂದು ಕೊಂಕಣಿ ಅಥವಾ ಬ್ಯಾರಿ ಹಾಡಿಗೆ ದೊಡ್ಡದೇ.

ಕೊಡಿಯಾಲ್‌ಬೈಲ್ ಕಾನೂನು

ತಾಸೆಮನೆಯವರೆ, ನಿಮ್ಮ ಮಾವನಿಗೆ ಕಾನೂನಿನಲ್ಲಿ ಜಾಗ ಉಂಟು. ಇದನ್ನು ಜನ ತಿಳಿದುಕೊಳ್ಳುವುದೇ ಇಲ್ಲ, ಹಾಗಾಗಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ನಮ್ಮ ಹಕ್ಕುಸ್ವಾಮ್ಯ ಕಾಯ್ದೆ 1957ರದ್ದು. ಅದರಲ್ಲಿ ಪ್ರದರ್ಶಕರು ಅಂದರೆ ಯಾರು ಅಂತ ಒಂದು ಪಟ್ಟಿಯೇ ಉಂಟು. ನಟರು, ಗಾಯಕರು, ವಾದ್ಯ ಬಾರಿಸುವವರು, ನೃತ್ಯ ಮಾಡುವವರು, ಹಾವಾಡಿಗರು ಕೂಡ. ತಾಸೆಯವರು ಖಂಡಿತ ಅದರೊಳಗೆ ಬರುತ್ತಾರೆ. ಪ್ರದರ್ಶಕರ ಹಕ್ಕು 50 ವರ್ಷ ಇರುತ್ತದೆ. 2012ರಲ್ಲಿ ದೊಡ್ಡ ತಿದ್ದುಪಡಿ ಬಂತು. ಸಿನಿಮಾ ಹಾಡು ಬರೆದವರು, ರಾಗ ಹಾಕಿದವರು ತಮ್ಮ ರಾಯಲ್ಟಿಯ ಪಾಲನ್ನು ಕಂಪನಿಗೆ ಬರೆದುಕೊಟ್ಟರೂ ಅದು ನಡೆಯುವುದಿಲ್ಲ ಅಂತ ಮಾಡಿದರು. ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ಇದಕ್ಕಾಗಿ ಹೋರಾಡಿದ್ದರು. ಅದೇ ತಿದ್ದುಪಡಿಯಲ್ಲಿ ಪ್ರದರ್ಶಕರ ಬಗ್ಗೆ 38ಎ, 38ಬಿ ಅಂತ ಎರಡು ಸೆಕ್ಷನ್ ಬಂತು. 38ಎ ಪ್ರಕಾರ ಅವರ ಪ್ರದರ್ಶನವನ್ನು ವ್ಯಾಪಾರಕ್ಕೆ ಬಳಸಿದರೆ ಅವರಿಗೆ ರಾಯಲ್ಟಿ ಸಲ್ಲಬೇಕು. 38ಬಿ ಹೆಸರಿನ ವಿಷಯ. ಇದು ನನ್ನ ಪ್ರದರ್ಶನ ಅಂತ ಗುರುತಿಸಿಕೊಳ್ಳುವ ಹಕ್ಕು.

ಇನ್ನೊಂದು, ಇದು ಆಟ ಮಾಡುವವರಿಗೂ ಬೇಕಾದ್ದು. ಹಕ್ಕುಸ್ವಾಮ್ಯ ವರ್ಗಾವಣೆ ಬರಹದಲ್ಲಿ ಇರಬೇಕು, ಸಹಿ ಇರಬೇಕು. ಎಷ್ಟು ಕಾಲ ಅಂತ ಬರೆಯದಿದ್ದರೆ ಐದೇ ವರ್ಷ. ಯಾವ ಪ್ರದೇಶ ಅಂತ ಬರೆಯದಿದ್ದರೆ ಭಾರತ ಮಾತ್ರ. ಇದು 19ನೇ ಸೆಕ್ಷನ್.

ಉರ್ವದವರೆ, ನೇರವಾಗಿ ಕೇಳುತ್ತೇನೆ. ನೀವು ತಾಸೆಯವರ ಹತ್ತಿರ ಕಾಗದ ಮಾಡಿಕೊಂಡಿದ್ದೀರಾ? ಆಟ ಅಮೆರಿಕದಲ್ಲಿ ಮಾರಾಟವಾದರೆ ಅವರಿಗೆ ಏನು?

ಬಜಪೆ ಬಟನ್

ಈ ಕಾನೂನು ಎಲ್ಲ ಸರಿ ಅಕ್ಕ. ಕಾಂತಾರದ ಹಾಡಿನ ವಿಷಯ ನೆನಪುಂಟಲ್ಲ? 2022ರಲ್ಲಿ ಕೇರಳದ ತೈಕ್ಕುಡಂ ಬ್ರಿಡ್ಜ್ ಎಂಬ ಬ್ಯಾಂಡಿನವರು 'ವರಾಹ ರೂಪಂ' ನಮ್ಮ 'ನವರಸಂ' ಹಾಡಿನಿಂದ ಬಂದದ್ದು ಅಂದರು. ಕೋಯಿಕ್ಕೋಡಿನ ಕೋರ್ಟ್ ತಡೆ ಕೊಟ್ಟಿತು. ಒಟಿಟಿಗೆ ಬರುವಾಗ ಹಾಡಿನ ರಾಗವೇ ಬೇರೆ. ಆಮೇಲೆ ಹಳೆಯದು ಮತ್ತೆ ಬಂತು. ಎರಡೂ ಕಡೆ ವಕೀಲರಿದ್ದರು, ದುಡ್ಡಿತ್ತು. ಮಲ್ಪೆ ಬಂದರಿನಲ್ಲಿ ಕೆಲಸ ಮಾಡುವವರು ಯಾವ ಕೋರ್ಟಿಗೆ ಹೋಗುತ್ತಾರೆ? 38ಎ ಇದ್ದು ಅವರಿಗೆ ಎಂತ ಪ್ರಯೋಜನ?

ಕೊಡಿಯಾಲ್‌ಬೈಲ್ ಕಾನೂನು

ಕೋರ್ಟಿಗೆ ಹೋಗುವುದು ಕಷ್ಟ, ಒಪ್ಪುತ್ತೇನೆ. ಆದರೆ ನಿಯಮ ಗೊತ್ತಿದ್ದರೆ ಒಂದು ಪತ್ರ ಬರೆಯಬಹುದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಆದಾಯ ಕಡಿಮೆ ಇರುವವರಿಗೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಎಲ್ಲಕ್ಕಿಂತ ಮೊದಲು, ಮುಂದಿನ ಸಲ ಯಾರಾದರೂ ರೆಕಾರ್ಡಿಂಗಿಗೆ ಕರೆದರೆ 'ಕಾಗದ ಎಲ್ಲಿ?' ಅಂತ ಕೇಳಬಹುದು. ಕೇಳುವುದೇ ಗೊತ್ತಿಲ್ಲದಿದ್ದರೆ 1,500ಕ್ಕೇ ಮುಗಿಯುತ್ತದೆ.

ಉರ್ವದ ಹುಡುಗ

ಎರಡು ದಿನ ಬರೆಯಲಿಲ್ಲ. ಬರೆಯಲು ಮನಸ್ಸು ಬರಲಿಲ್ಲ.

ಪ್ರಾಜೆಕ್ಟ್ ಫೈಲ್ ತೆಗೆದು ನೋಡಿದೆವು. ಆ 46 ಸೆಕೆಂಡ್ ನಮ್ಮ ಅಂಗಳದ್ದಲ್ಲ. ಟ್ರೈಲರಿನ ನಡುವೆ ಹುಲಿ ಅಕ್ಕಿಮುಡಿ ಎತ್ತಿ ಎಸೆಯುವ ಒಂದು ಭಾಗ ಉಂಟು. ಅಲ್ಲಿಗೆ ಬೇಕಾದ ಜೋರಿನ ಪೆಟ್ಟು ನಮ್ಮ ರೆಕಾರ್ಡಿಂಗಿನಲ್ಲಿ ಸರಿ ಬಂದಿರಲಿಲ್ಲ, ಸ್ಕೂಟರಿನ ಶಬ್ದ ಸೇರಿತ್ತು. ನಮ್ಮ ಗೆಳೆಯ ಸೆಟ್‌ನವರಿಗೆ ಫೋನ್ ಮಾಡಿ ಕೇಳಿದ್ದ. ಅವರು 'ನಮ್ಮದೇ ಒಂದು ಹಳೆಯದು ಉಂಟು' ಅಂತ ವಾಟ್ಸ್ಯಾಪ್‌ನಲ್ಲಿ ಕಳಿಸಿದರು. ಇವನು ಅದನ್ನು ಸೇರಿಸಿದ. ಅದು ಆ ಕಂಪನಿಯ ರೆಕಾರ್ಡಿಂಗ್. ಬಾರಿಸಿದ್ದು ಅದೇ ಸೆಟ್.

ಅಂದರೆ ಕ್ಲೇಮ್ ಸುಳ್ಳಲ್ಲ. ನಾನು ಇಲ್ಲಿ ಅಷ್ಟು ಜೋರಾಗಿ ಬರೆದದ್ದು ತಪ್ಪು. ಕಂಪನಿಯ ಬಗ್ಗೆ ಹೇಳಿದ್ದಕ್ಕೆ ಕ್ಷಮೆ ಕೇಳುತ್ತೇನೆ. ಡಿಸ್ಪ್ಯೂಟ್ ಹಾಕಿರಲಿಲ್ಲ, ಒಳ್ಳೆಯದಾಯಿತು. ಆ ಭಾಗ ತೆಗೆದಿದ್ದೇವೆ.

ಆದರೆ ನನ್ನ ನಿದ್ದೆ ಕೆಡಿಸಿದ್ದು ಅದಲ್ಲ. ತಾಸೆಯವರಿಗೆ ಅದು 'ನಮ್ಮದೇ' ಅಂತ ಅನಿಸಿತ್ತು. ಅವರ ಕೈಯಿಂದ ಬಂದದ್ದು, ಅವರದ್ದು ಅಂತ ಅವರು ನಂಬಿದ್ದರು. ಅದು ಅವರದ್ದಲ್ಲ ಅಂತ ನಾನೇ ಫೋನ್ ಮಾಡಿ ಹೇಳಬೇಕಾಯಿತು. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಕೇಳಿದರು, 'ಹಾಗಾದರೆ ನಿಮ್ಮ ಅಂಗಳದಲ್ಲಿ ಬಾರಿಸಿದ್ದು?'

ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾಗದ ಇಲ್ಲ. 9,000 ಕೊಟ್ಟು ಮುಗಿಸಿದೆವು. ಕಂಪನಿ ಮಾಡಿದ್ದಕ್ಕೂ ನಾವು ಮಾಡಿದ್ದಕ್ಕೂ ವ್ಯತ್ಯಾಸ ಇಲ್ಲ.

ಹಳೇ ಕ್ಯಾಸೆಟ್, ಉಡುಪಿ

ಇದನ್ನು ಬಂದು ಬರೆದಿರಲ್ಲ, ಅದು ದೊಡ್ಡದು ತಮ್ಮಾ. ಬೇಸರ ಮಾಡಬೇಡಿ. ವ್ಯತ್ಯಾಸ ಉಂಟು, ನಿಮ್ಮ ಆಟ ಇನ್ನೂ ಮಾರಾಟಕ್ಕೆ ಹೋಗಿಲ್ಲ. ಈಗ ಸರಿ ಮಾಡಬಹುದು. ಲೆಕ್ಕ ಹಾಕಿ ನೋಡಿ. 99 ರೂಪಾಯಿಯಲ್ಲಿ ನಿಮ್ಮ ಕೈಗೆ ಎಷ್ಟು ಬರುತ್ತದೆ?

ಉರ್ವದ ಹುಡುಗ

ಹಾಕಿದ್ದೇವೆ. 99ರೊಳಗೇ ಶೇ. 18 ಜಿಎಸ್‌ಟಿ ಸೇರಿದೆ, ಅದು ಸುಮಾರು 15 ರೂಪಾಯಿ. ಉಳಿದದ್ದು 84. ಪ್ಲೇಸ್ಟೋರ್ ವರ್ಷಕ್ಕೆ ಮೊದಲ 10 ಲಕ್ಷ ಡಾಲರ್‌ವರೆಗೆ ಶೇ. 15 ತೆಗೆದುಕೊಳ್ಳುತ್ತದೆ, ಅದರ ಮೇಲೆ ಶೇ. 30. ನಮ್ಮಂಥವರಿಗೆ 15ರ ಲೆಕ್ಕವೇ. ಹದಿಮೂರು ರೂಪಾಯಿ ಹತ್ತಿರ ಹೋಗುತ್ತದೆ. ಕೈಗೆ 71.

ಆ 71ರಲ್ಲಿ ತಾಸೆಯ ಸೆಟ್‌ಗೆ ಶೇ. 10 ಅಂತ ನಾನು ಹೇಳಿದೆ. ಒಂದು ಪ್ರತಿಗೆ 7 ರೂಪಾಯಿ. ಸಾವಿರ ಪ್ರತಿ ಹೋದರೆ 7,000. ಒಬ್ಬ ಗೆಳೆಯ ಶೇ. 5 ಸಾಕು ಅನ್ನುತ್ತಾನೆ, ಚಿತ್ರ ಬರೆದ ಹುಡುಗಿಗೂ ಕೊಡಬೇಕಲ್ಲ ಅಂತ. ಅವನ ಮಾತಿನಲ್ಲಿಯೂ ನ್ಯಾಯ ಉಂಟು.

ಮಲ್ಪೆ ತಾಸೆಮನೆ

ಉರ್ವದವರೆ, ನಿಮ್ಮ ಅಂಗಳಕ್ಕೆ ಬಂದದ್ದು ನಮ್ಮ ಮಾವನ ಸೆಟ್ಟೇ ಅಂತ ನಿಮ್ಮ ಬರಹ ಓದಿದ ಮೇಲೆ ಗೊತ್ತಾಯಿತು. ರಾತ್ರಿ ಮಾವನಿಗೆ ಓದಿ ಹೇಳಿದೆ.

ಅವರು ಶೇಕಡಾ ಎಷ್ಟು ಅಂತ ಕೇಳಲಿಲ್ಲ. ಎರಡು ವಿಷಯ ಕೇಳಿದರು. ಆಟ ಶುರುವಾಗುವಾಗ ಮೂವರ ಹೆಸರು ಬರುತ್ತದಾ? ಕನ್ನಡದಲ್ಲಿ ಬರಬೇಕು, ಅವರಿಗೆ ಓದಲು ಆಗಬೇಕು. ಮತ್ತೆ, ಅದೇ ಪೆಟ್ಟನ್ನು ಬೇರೆಯವರಿಗೂ ಬಾರಿಸಿ ಕೊಡಬಹುದಾ? ಹಿಂದಿನ ಕಂಪನಿಯವರು ಒಮ್ಮೆ ಫೋನ್ ಮಾಡಿ 'ಬೇರೆ ಕಡೆ ಬಾರಿಸಬೇಡಿ' ಅಂದಿದ್ದರಂತೆ. ಅಂದಿನಿಂದ ಅವರಿಗೆ ಹೆದರಿಕೆ ಇತ್ತು. ನಮಗೆ ಯಾರಿಗೂ ಹೇಳಿರಲಿಲ್ಲ.

ನನ್ನ ಕಡೆಯಿಂದ ಹೇಳುವುದಾದರೆ ಶೇ. 10 ಬೇಕು. ಮೂವರಿಗೆ ಹಂಚಿದರೆ ಒಬ್ಬರಿಗೆ ಎರಡೂವರೆ ರೂಪಾಯಿಯೂ ಬರುವುದಿಲ್ಲ. ಚಿತ್ರದ ಹುಡುಗಿಯ ಪಾಲು ತಾಸೆಯ ಪಾಲಿನಿಂದಲೇ ಬರಬೇಕು ಅಂತ ಏನಿಲ್ಲ.

ಕೊಡಿಯಾಲ್‌ಬೈಲ್ ಕಾನೂನು

ಬಾರಿಸಬಹುದು. ಯಾವ ಹೆದರಿಕೆಯೂ ಬೇಡ ಅಂತ ಮಾವನಿಗೆ ಹೇಳಿ. ಬೇರೆ ಕಡೆ ಬಾರಿಸುವುದಿಲ್ಲ ಅಂತ ಅವರು ಎಲ್ಲಿಯೂ ಸಹಿ ಹಾಕಿಲ್ಲ. ಆ ಕಂಪನಿಗೆ ಇರುವುದು ಆ ಒಂದು ರೆಕಾರ್ಡಿಂಗಿನ ಹಕ್ಕು. ಅವರ ಕೈಯ ಮೇಲೆ ಯಾರಿಗೂ ಹಕ್ಕಿಲ್ಲ.

ಕಾಗದದ ಕರಡು ನಾನು ಬರೆದುಕೊಡುತ್ತೇನೆ, ಕನ್ನಡದಲ್ಲೇ. ನಮ್ಮ ಲೆಕ್ಚರರ್ ಹತ್ತಿರ ತೋರಿಸಿ ಕಳಿಸುತ್ತೇನೆ. ಈ ಆಟಕ್ಕೆ ಮಾತ್ರ ಅನುಮತಿ ಅಂತ ಬರೆಯೋಣ, ಪೂರ್ತಿ ವರ್ಗಾವಣೆ ಬೇಡ. ಆರು ತಿಂಗಳಿಗೊಮ್ಮೆ ಸ್ಟೋರಿನ ಲೆಕ್ಕದ ಪುಟ ಅವರಿಗೆ ಕಳಿಸಬೇಕು ಅಂತಲೂ ಸೇರಿಸುತ್ತೇನೆ. ಸಹಿ ಹಾಕುವ ಮೊದಲು ಮೂವರಿಗೂ ಓದಿ ಹೇಳಬೇಕು.

ಹಳೇ ಕ್ಯಾಸೆಟ್, ಉಡುಪಿ

ಆರು ತಿಂಗಳು ಬೇಡ. ಮೂರು ತಿಂಗಳು ಹಾಕಿ. ಆರು ತಿಂಗಳು ಅಂದರೆ ಮರೆತು ಹೋಗುತ್ತದೆ, ನನಗೆ ಅನುಭವ ಉಂಟು.

ಉರ್ವದ ಹುಡುಗ

ಮೂರು ತಿಂಗಳು, ಶೇ. 10. ಗೆಳೆಯನೂ ಒಪ್ಪಿದ. ಹುಡುಗಿಯ ಪಾಲು ನಮ್ಮ ಮೂವರ ಭಾಗದಿಂದ. ಹೆಸರು ಕನ್ನಡದಲ್ಲಿ, ಮೊದಲ ಪರದೆಯಲ್ಲೇ ಬರುತ್ತದೆ.

ಬರುವ ಆದಿತ್ಯವಾರ ಮಲ್ಪೆಗೆ ನಾವೇ ಬರುತ್ತೇವೆ. ಅಕ್ಕಿಮುಡಿಯ ಪೆಟ್ಟನ್ನು ಮತ್ತೆ ರೆಕಾರ್ಡ್ ಮಾಡಬೇಕು. ಈ ಸಲ ಸ್ಕೂಟರ್ ಹೋಗದ ಜಾಗ ಬೇಕು. ಯಾರಿಗಾದರೂ ಗೊತ್ತಿದ್ದರೆ ಹೇಳಿ.

ಹಳೇ ಕ್ಯಾಸೆಟ್, ಉಡುಪಿ

ನನ್ನ ಮನೆಯ ಹಿಂದೆ ತೆಂಗಿನ ತೋಟ ಉಂಟು, ರಸ್ತೆ ದೂರ. ಎರಡು ಹಳೆಯ ಮೈಕ್ ಸ್ಟ್ಯಾಂಡ್ ಕೂಡ ಉಂಟು. ಬೆಳಿಗ್ಗೆ ಬೇಗ ಬನ್ನಿ, ಹತ್ತು ಗಂಟೆಯ ನಂತರ ಪಕ್ಕದ ಮರದ ಮಿಲ್ಲು ಶುರುವಾಗುತ್ತದೆ.

ಮಲ್ಪೆ ತಾಸೆಮನೆ

ಮಾವನಿಗೆ ಹೇಳಿದೆ. ಏಳು ಗಂಟೆಗೆ ಬರುತ್ತಾರಂತೆ. ತಾಸೆಗೆ ಹೊಸ ಚರ್ಮ ಕಟ್ಟಿಸಲು ಇವತ್ತೇ ಹೋಗಿದ್ದಾರೆ.